ಮುದ್ದೆಗೊಂದು ಮುಖ

ನಮ್ಮ ಸೋದರತ್ತೆಗೆ ಅಕ್ಷರ ಕಂಡರೆ ಆಗುವುದಿಲ್ಲ. ಹೀಗೆಂದ ಕೂಡಲೇ, ಪಾಪ, ಹಳೆಯ ಕಾಲದ ಹೆಂಗಸು, ಶಾಲೆಯ ಮೆಟ್ಟಿಲು ಹತ್ತಿಲ್ಲವೇನೋ ಎಂದು ಮರುಗಲು ಹೊರಟಿದ್ದರೆ ದಯವಿಟ್ಟು ಅಲ್ಲಿಯೇ ನಿಲ್ಲಿ! ಆಕೆ ಪದವೀಧರೆ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಮೂವತ್ತು ಚಿಲ್ಲರೆ ವರ್ಷ ಬರೆದೂ ಬರೆದೂ ಅವರಿಗೆ ಅಕ್ಷರಗಳ ಮೇಲೆಯೇ ಜಿಗುಪ್ಸೆ ಹುಟ್ಟಿದೆ. ನಿವೃತ್ತಿಯ ದಿನ ಕೊರಳಿನ ಹಾರ ತೆಗೆದು ಗೋಡೆಯ ಮೊಳೆಗೆ ನೇತುಹಾಕುತ್ತಾ ನನಗೆ ಹೇಳಿದರು: "ಅಕ್ಷರದಲ್ಲಿ ಎಷ್ಟು ಬೇಕಾದ್ರೂ ಸುಳ್ಳು ಬರೀಬೋದು ಕಣೇ. ಮುಖದಲ್ಲಿ ಬರೆಯಕ್ಕಾಗಲ್ಲ."

ಅಂದಿನಿಂದ ಅವರ ಫೋನಿನಿಂದ ಒಂದು ಅಕ್ಷರವೂ ಹೊರಬಿದ್ದಿಲ್ಲ. ಬರುವುದೆಲ್ಲ ಎಮೋಜಿ! ಒಂದು ತಟ್ಟೆ, ಓಡುತ್ತಿರುವ ಹೆಂಗಸು, ಕೆಂಪಗೆ ಸಿಟ್ಟಾದ ಮುಖ ಬಂತೆಂದರೆ, 'ದೋಸೆ ಆರಿಹೋಗುತ್ತಿದೆ, ಎಲ್ಲಿ ಸತ್ತಿದ್ದೀಯ?' ಎಂದು ಅರ್ಥ. ನಾನು ಲಕ್ಷ್ಮೀಪುರಂನಿಂದ ಗಾಡಿ ಹತ್ತಿ ರಾಮಕೃಷ್ಣನಗರದ ಅವರ ಮನೆ ಮುಟ್ಟುವಷ್ಟರಲ್ಲಿ ಇನ್ನೂ ಎರಡು ಸಿಟ್ಟಿನ ಮುಖಗಳು ಬಂದಿರುತ್ತವೆ. ಹೋಗಿ ಕುಳಿತರೆ ತುಪ್ಪದಲ್ಲಿ ಈಜುತ್ತಿರುವ ದೋಸೆ. ನಮ್ಮತ್ತೆಗೆ ತುಪ್ಪವೆಂದರೆ ಪ್ರಾಣ.

ಈಗ ವಿಧಿಯ ಆಟ ನೋಡಿ. ಇಂಥ ಅತ್ತೆಯ ಸೋದರಸೊಸೆಯಾದ ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸವೇನು ಗೊತ್ತೇ? ಐಕಾನ್ ಬರೆಯುವುದು! ಫೋನಿನ ಪರದೆಯ ಮೇಲೆ ನೀವು ಒತ್ತುವ ಪುಟ್ಟ ಪುಟ್ಟ ಗೆರೆಚಿತ್ರಗಳಿರುತ್ತವಲ್ಲ, ಅವನ್ನು ಬರೆದುಕೊಡುವುದು. ಮೈಸೂರಿನದೇ ಒಂದು ಸಣ್ಣ ಕಂಪನಿ. ಬಾರಿಸುವ ಗಂಟೆಯ ಒಂದು ಚಿತ್ರಕ್ಕೆ ಒಂದು ವಾರ ಕೂತು, ಗೆರೆಯನ್ನು ಕೂದಲೆಳೆಯಷ್ಟು ದಪ್ಪ ಮಾಡಿ, ಮತ್ತೆ ಅಷ್ಟೇ ಸಣ್ಣ ಮಾಡಿ, ಅದಕ್ಕೆ ಸಂಬಳ ತೆಗೆದುಕೊಳ್ಳುವ ಜಾತಿ ನಮ್ಮದು. ಒಂದು ಭಾನುವಾರ ನನ್ನ ಹೆಮ್ಮೆಯ ಕೆಲಸಗಳನ್ನು ಅತ್ತೆಗೆ ತೋರಿಸಿದೆ. ತೋರಿಸಬಾರದಿತ್ತು.

"ಇದೇನೇ, ಮೂರು ಗೆರೆ? ವಿಭೂತಿನಾ?"

"ಅದು ಮೆನು ಅತ್ತೆ. ಒತ್ತಿದರೆ ಪಟ್ಟಿ ಬರುತ್ತೆ."

"ಹೋಟ್ಲಲ್ಲಿ ಮೆನು ಕೇಳಿದ್ರೆ ಹಣೆಗೆ ವಿಭೂತಿ ಬಳಿದು ಕಳಿಸ್ತಾರಾ? ಇರ್ಲಿ. ಈ ಚಕ್ಲಿ?"

"ಚಕ್ಕುಲಿ ಅಲ್ಲ, ಹಲ್ಲಿನ ಚಕ್ರ. ಸೆಟ್ಟಿಂಗ್ಸ್."

"ಚಕ್ಲಿ ಒತ್ತಿದ್ರೆ ಚಕ್ಲಿ ಬರಬೇಕು ಕಣೇ, ಅದು ನ್ಯಾಯ. ಓ, ಇದು ನಂಗೊತ್ತು! ಫ್ಲಾಪಿ! ನಮ್ಮಾಫೀಸಲ್ಲಿ ಕಂಪ್ಯೂಟರಿಗೆ ಹಾಕ್ತಿದ್ದಿದ್ದು, ಬೀರು ತುಂಬ ಇದ್ವು. ನೀನು ನೋಡಿದ್ದೀಯಾ?"

"ಇಲ್ಲ ಅತ್ತೆ. ಇದು 'ಉಳಿಸು' ಅನ್ನೋದಕ್ಕೆ."

"ಕಣ್ಣಲ್ಲಿ ಕಾಣದೇ ಇರೋ ವಸ್ತುವಿನ ಚಿತ್ರ ಬರೆದು ಸಂಬಳ ತಗೋತೀಯಲ್ಲೇ!"

ನಾನು ಫೋನು ಪಕ್ಕಕ್ಕಿಟ್ಟು ದೋಸೆ ತಿಂದೆ. ಆದರೆ ಅಂದಿನಿಂದ ಒಂದು ಕುತೂಹಲ ತಲೆಗೆ ಹೊಕ್ಕಿತು. ಒಂದು ಚಿತ್ರ ನೋಡಿದೊಡನೆ 'ಇದು ನನಗೆ ಹೇಳಿದ್ದು' ಎಂದು ಒಬ್ಬ ಮನುಷ್ಯನಿಗೆ ಅನ್ನಿಸಬೇಕಾದರೆ ಆ ಚಿತ್ರದಲ್ಲಿ ಏನಿರಬೇಕು? ನಮ್ಮ ಕಂಪನಿಯಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

ಇಷ್ಟರಲ್ಲಿ ನಮ್ಮ ಮನೆಯ ಒಂದು ಜಗಳದ ವಿಷಯ ಹೇಳಿಬಿಡಬೇಕು. ಅತ್ತೆ ನಿವೃತ್ತರಾದ ಮೇಲೆ ಸುಮ್ಮನೆ ಕೂರಲಿಲ್ಲ. ಮನೆಯಲ್ಲೇ ಮುದ್ದೆ, ಬಸ್ಸಾರು ಮಾಡಿ ಡಬ್ಬಿಗೆ ತುಂಬಿ ಕೇಳಿದವರ ಮನೆಗೆ ಕೊಟ್ಟುಬರುವ ಕೆಲಸ ಶುರುಮಾಡಿದರು. ತಾವೇ ಸ್ಕೂಟರಿನಲ್ಲಿ! ಇದು ನಮ್ಮಪ್ಪನಿಗೆ ಸರಿಬರಲಿಲ್ಲ. ಅಪ್ಪ ಅತ್ತೆಯ ಒಬ್ಬನೇ ತಮ್ಮ, ಹೈಸ್ಕೂಲಿನ ಗಣಿತದ ಮೇಷ್ಟ್ರು. ನೆಂಟರ ಮನೆಯ ನಾಮಕರಣದಲ್ಲಿ, ಎಲೆಯ ಮುಂದೆ ಕೂತವರೆಲ್ಲರ ಎದುರಿಗೆ, "ಸೂಪರಿಂಟೆಂಡೆಂಟ್ ಆಗಿದ್ದೋಳು ಮನೆಮನೆಗೆ ಮುದ್ದೆ ಹೊತ್ಕೊಂಡು ತಿರುಗ್ತೀಯಲ್ಲ, ನಂಗೆ ತಲೆ ಎತ್ತಕ್ಕಾಗ್ತಿಲ್ಲ. ಇನ್ಮೇಲೆ ನಿನ್ನ ಮುದ್ದೆ ನಾನು ಮುಟ್ಟಲ್ಲ" ಎಂದುಬಿಟ್ಟರು. ಅತ್ತೆ ಎಲೆ ಮಡಿಚಿ ಎದ್ದರು. "ನೀನಾಗೇ ಕೇಳೋಗಂಟ ನಾನೂ ಕೊಡಲ್ಲ ಬುಡು" ಎಂದರು.

ಅದಾಗಿ ಮೂರು ವರ್ಷ. ಅಕ್ಕ ತಮ್ಮಂದಿರ ನಡುವೆ ಮಾತಿಲ್ಲ, ಕತೆಯಿಲ್ಲ. ಮುದ್ದೆಯಿಲ್ಲದೆ ಅಪ್ಪ ಸೊರಗಿದರು. ಮನೆಯಲ್ಲಿ ಅಮ್ಮ ಮುದ್ದೆ ಮಾಡುವುದಿಲ್ಲವೇ ಎಂದು ಕೇಳುತ್ತೀರಿ. ಅಮ್ಮನ ಮುದ್ದೆಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅದೇ ಮನೆಯಲ್ಲಿ ನಾನಿನ್ನೂ ಊಟ ಮಾಡಬೇಕು.

ಗಿರಾಕಿಗಳು ಹೆಚ್ಚಿದಾಗ ಅತ್ತೆ ನನ್ನನ್ನು ಕರೆಸಿದರು. ಬೆಳಿಗ್ಗೆ ಎದ್ದು ಯಾರಿಗೆ ಏನು ಬೇಕೆಂದು ಫೋನಿನಲ್ಲಿ ಕೇಳುವುದರಲ್ಲೇ ಒಲೆ ಆರಿಹೋಗುತ್ತದೆ; ಅವರವರೇ ಒತ್ತಿ ಹೇಳುವಂಥ ಒಂದು ಆ್ಯಪ್ ಮಾಡಿಕೊಡು ಎಂದರು. ಷರತ್ತು ಎರಡು. ಒಂದು, ನನ್ನ ಗೆರೆಚಿತ್ರ ಒಂದೂ ಇರಕೂಡದು, ಎಲ್ಲ ಎಮೋಜಿಯೇ ಆಗಬೇಕು. ಎರಡು, ಅದರ ಕೆಳಗೆ ಅಕ್ಷರ ಬರೆಯಕೂಡದು!

"ಒಂದೊಂದು ಪದ ಆದರೂ ಇರಲಿ ಅತ್ತೆ. ಕೆಳಗೆ ಸಣ್ಣದಾಗಿ 'ಮುದ್ದೆ' ಅಂತ..."

"ಮುದ್ದೆ ನೋಡಿ ಮುದ್ದೆ ಅನ್ನಕ್ಕಾಗದೋರು ನಮ್ಮ ಗಿರಾಕಿನೇ ಅಲ್ಲ."

ಸರಿ, ಇಬ್ಬರೂ ಫೋನು ಹಿಡಿದು ಕೂತೆವು. ಜಗತ್ತಿನ ಯಾವ ಯಾವ ಊರಿನ ಯಾವ ಯಾವ ತಿಂಡಿಗೋ ಎಮೋಜಿ ಇದೆ. ನಾವಿಬ್ಬರೂ ಕಂಡಿಲ್ಲದ, ತಿಂದಿಲ್ಲದ, ಹೆಸರು ಹೇಳಲು ಬಾರದ ಪದಾರ್ಥಗಳೆಲ್ಲ ಅಲ್ಲಿ ಸಾಲಾಗಿ ಕೂತಿವೆ. ಮುದ್ದೆ ಇಲ್ಲ! ಅತ್ತೆಗೆ ನಂಬಿಕೆಯೇ ಬರಲಿಲ್ಲ. "ಸರಿಯಾಗಿ ಹುಡುಕೇ, ಅಲ್ಲೆಲ್ಲೋ ಕೆಳಗೆ ಇರುತ್ತೆ" ಎಂದು ನನ್ನ ಕೈಯಿಂದ ಫೋನು ಕಿತ್ತುಕೊಂಡರು. ಸ್ವಲ್ಪ ಹೊತ್ತಿಗೆ ಅವರ ಮುಖ ಅರಳಿತು.

"ಇಲ್ಲೈತಲ್ಲೇ! ಕಂದು ಬಣ್ಣ, ಗುಂಡಗೆ, ತುದಿ ಚೂಪಗೆ. ಈಗ್ತಾನೆ ಕಟ್ಟಿರೋ ಬಿಸಿ ಮುದ್ದೆ. ಕಣ್ಣು ಬಿಟ್ಕೊಂಡು ನಗ್ತಾ ಬೇರೆ ಇದೆ, ಕಳ್ಳ!"

ಇಣುಕಿ ನೋಡಿದೆ. ಆ ಕಂದು ಬಣ್ಣದ ನಗುವ ವಸ್ತು ಏನೆಂದು ನಿಮಗೆ ಗೊತ್ತಿದ್ದರೆ ಗೊತ್ತಿದೆ. ಗೊತ್ತಿಲ್ಲದಿದ್ದರೆ ಊಟದ ವಿಷಯ ಮಾತನಾಡುವಾಗ ನಾನಂತೂ ಹೇಳಲಾರೆ. ಅತ್ತೆಯ ಕಿವಿಯಲ್ಲಿ ಹೇಳಿದೆ. ಅವರು ಫೋನನ್ನು ಮಂಚದ ಮೇಲೆ ಎಸೆದು, ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡು ಬಂದರು.

ಕೊನೆಗೆ ಸಿಕ್ಕಿದ್ದು ಬರೀ ಒಂದು ಕಂದು ವೃತ್ತ. ಕಣ್ಣಿಲ್ಲ, ಮೂಗಿಲ್ಲ. "ಮುದ್ದೆಗೆ ಮುಖ ಯಾಕೆ, ಇರ್ಲಿ" ಎಂದು ಅತ್ತೆ ಒಪ್ಪಿದರು. ಅದನ್ನು ಎಲ್ಲಕ್ಕಿಂತ ಮೇಲೆ, ಮೊದಲನೆಯ ಸಾಲಿನ ಮೊದಲ ಜಾಗದಲ್ಲಿ ಇಡಿಸಿದರು. ಸಾರಿಗೆ ಬಟ್ಟಲು. ಮಜ್ಜಿಗೆಗೆ ಹಾಲಿನ ಲೋಟ. ಇವತ್ತು ಊಟ ಬೇಡ ಎನ್ನುವುದಕ್ಕೆ ಬಾಯಿ ಮುಚ್ಚಿಕೊಂಡ ಕೋತಿ. ಎಲ್ಲ ಎರಡರಷ್ಟು ಬೇಕು ಎನ್ನುವುದಕ್ಕೆ ಆನೆ.

'ಸರಿ, ಕಳಿಸಿ' ಎನ್ನುವುದಕ್ಕೆ ನಾನು ಎಲ್ಲರಂತೆ ಹೆಬ್ಬೆರಳು ಇಟ್ಟಿದ್ದೆ. ಅತ್ತೆ ಕೆರಳಿದರು. "ತೆಗೀ ಅದನ್ನ! ನಮ್ಮಪ್ಪ ಬದುಕಿರೋಗಂಟ ಕಂಡೋರ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಒತ್ತಿ ಬೆರಳೆಲ್ಲ ಮಸಿ ಮಾಡ್ಕೊಂಡಿದ್ದ. ಹೊಲದ ಕೆಲಸ ಬುಡಿಸಿ ನಮ್ಮಿಬ್ಬರನ್ನ ಮೈಸೂರಿಗೆ ಓದಕ್ಕೆ ಕಳ್ಸಿದ್ದು ಯಾಕೆ? ತಿರ್ಗಾ ಹೆಬ್ಬೆಟ್ಟು ಒತ್ತಕ್ಕಾ?" ಹೆಬ್ಬೆರಳು ಹೋಗಿ ಸೂರ್ಯಕಾಂತಿ ಹೂವು ಬಂತು. ನಮ್ಮತ್ತೆಯ ಗಿರಾಕಿಗಳು ಇಂದಿಗೂ ಊಟಕ್ಕೆ ಹೂವು ಒತ್ತಿ ಹೇಳಿಕಳಿಸುತ್ತಾರೆ.

ಆಫೀಸಿನಲ್ಲಿ ನೋಡಿ ಕಲಿತಷ್ಟರಲ್ಲೇ ಕಟ್ಟಿದ ಆ್ಯಪೇನೋ ಓಡಿತು. ಆದರೆ ಒಂದು ಚಿತ್ರವನ್ನು ಎಲ್ಲರೂ ಒಂದೇ ಥರ ಓದುತ್ತಾರೆಯೇ? ದಟ್ಟಗಳ್ಳಿಯಲ್ಲಿ ಒಂಟಿಯಾಗಿರುವ ಒಬ್ಬ ಹಿರಿಯರು ದಸರಾ ಬಂತಲ್ಲ, ಅತ್ತೆ ಹಬ್ಬಕ್ಕೆಂದು ಆನೆ ತರಿಸಿದ್ದಾರೆ ಎಂದುಕೊಂಡು ಭಕ್ತಿಯಿಂದ ದಿನವೂ ಒತ್ತಿದರು. ದಿನವೂ ನಾಲ್ಕು ಮುದ್ದೆ, ಎರಡು ಡಬ್ಬಿ ಸಾರು ಹೋಯಿತು. ಪಾಪ, ಎಸೆಯಲು ಮನಸ್ಸಾಗದೆ ಎಲ್ಲವನ್ನೂ ತಿಂದರಂತೆ. ವಿಜಯದಶಮಿಯ ಮಾರನೆಯ ದಿನ ಫೋನು ಮಾಡಿ, "ಆನೆ ಸಾಕೋದು ನನ್ನ ಕೈಲಾಗಲ್ಲ ಕಣಮ್ಮ" ಎಂದರು.

ನಮ್ಮ ಆಫೀಸಿನ ಮೇಲಧಿಕಾರಿಯ ಕಣ್ಣಿಗೂ ಈ ಆ್ಯಪ್ ಬಿತ್ತು. "ಇದೇನ್ರೀ, ಆ್ಯಪಾ, ಮಕ್ಕಳ ಹುಟ್ಟುಹಬ್ಬನಾ?" ಎಂದರು. ಆಮೇಲೆ ಕೂರಿಸಿಕೊಂಡು ಬುದ್ಧಿ ಹೇಳಿದರು. ಐಕಾನ್ ನಾವು ಬರೆದದ್ದು, ಎಲ್ಲ ಫೋನಿನಲ್ಲೂ ಹಾಗೆಯೇ ಕಾಣುತ್ತದೆ. ಎಮೋಜಿ ಹಾಗಲ್ಲ; ಅದನ್ನು ಬರೆಯುವುದು ಫೋನು ಮಾಡಿದವರು. ಒಂದು ಫೋನಿನಲ್ಲಿ ನಗುವ ಮುಖ ಇನ್ನೊಂದರಲ್ಲಿ ಹಲ್ಲು ಕಿರಿಯುತ್ತದೆ. ಹೊಸದಾಗಿ ಬಂದ ಎಮೋಜಿಗಳು ಹಳೆಯ ಫೋನಿನಲ್ಲಿ ಇರುವುದೇ ಇಲ್ಲ. ಅವುಗಳ ಜಾಗದಲ್ಲಿ ಖಾಲಿ ಚೌಕ ಕಾಣಿಸುತ್ತದೆ. "ಪರೀಕ್ಷೆ ಮಾಡದೆ ಬಿಡಬೇಡಿ" ಎಂದರು. ಇದನ್ನು ಅತ್ತೆಗೆ ಹೇಳಿದರೆ, "ಒಂದೊಂದು ಮನೆ ಸಾರು ಒಂದೊಂದು ರುಚಿ. ಅದಕ್ಕೇನಂತೆ?" ಎಂದರು. ನಾನೂ ಅದಕ್ಕೇನಂತೆ ಎಂದುಕೊಂಡು ಮರೆತೆ.

ಇದರ ಮಧ್ಯೆ ಅತ್ತೆ ದಿನಕ್ಕೊಂದು ಸಲ ಒಂದು ವಿಚಿತ್ರ ಪ್ರಶ್ನೆ ಕೇಳುತ್ತಿದ್ದರು. "ಲಕ್ಷ್ಮೀಪುರಂ ಕಡೆಯಿಂದ ಯಾರಾದ್ರೂ ಮುದ್ದೆ ಒತ್ತಿದ್ರಾ?" ಲಕ್ಷ್ಮೀಪುರಂನಲ್ಲಿ ಅವರಿಗೆ ಒಬ್ಬ ಗಿರಾಕಿಯೂ ಇರಲಿಲ್ಲ! ಅಲ್ಲಿ ಅವರಿಗೆ ಗೊತ್ತಿದ್ದ ಮನೆ ಒಂದೇ, ನಮ್ಮದು. ಯಾರ ಬೆರಳಿಗಾಗಿ ಅವರು ಕಾಯುತ್ತಿದ್ದಾರೆ ಎಂದು ತಿಳಿಯಲು ಗಣಿತ ಓದಬೇಕಾಗಿರಲಿಲ್ಲ. ಅದಕ್ಕೇ ನಾನೇ ಒಂದು ಉಪಾಯ ಮಾಡಿದೆ. ಅಪ್ಪನ ಫೋನು ತೀರಾ ಹಳೆಯದು. ಗಾಜಿನ ಮೂಲೆ ಒಡೆದಿದ್ದರೂ ಬಿಟ್ಟಿಲ್ಲ. "ಹಳೆಯ ಫೋನಿನಲ್ಲಿ ಆ್ಯಪ್ ಸರಿಯಾಗಿ ಕಾಣುತ್ತದೋ ಇಲ್ಲವೋ ಪರೀಕ್ಷೆ ಮಾಡಬೇಕು" ಎಂದು ಸುಳ್ಳು ಹೇಳಿ ಅದರೊಳಗೆ ಹಾಕಿಕೊಟ್ಟೆ. ಪರೀಕ್ಷೆ ಮಾತ್ರ ಮಾಡಲಿಲ್ಲ!

ಯಾರು ಯಾವಾಗ ಆ್ಯಪ್ ತೆರೆದರೆಂದು ನನ್ನ ಕಡೆ ಕಾಣುತ್ತದೆ. ಅಪ್ಪ ದಿನವೂ ಬೆಳಿಗ್ಗೆ, ಶಾಲೆಗೆ ಹೊರಡುವ ಮುಂಚೆ ತಪ್ಪದೆ ತೆರೆಯುತ್ತಿದ್ದರು. ನೋಡುತ್ತಿದ್ದರು. ಮುಚ್ಚುತ್ತಿದ್ದರು. ಏನನ್ನೂ ಒತ್ತುತ್ತಿರಲಿಲ್ಲ. ಇದನ್ನು ಅತ್ತೆಗೆ ಹೇಳಿದಾಗ ಅವರ ಕೈಯ ಮುದ್ದೆಕೋಲು ಪಾತ್ರೆಯಲ್ಲೇ ನಿಂತಿತು.

"ನೋಡ್ತಾನಾ? ದಿನಾನಾ?"

"ದಿನಾ."

"ಮತ್ತೆ ಒತ್ತಕ್ಕೇನಂತೆ ಧಾಡಿ? ಬೆರಳು ಸವೆದೋಯ್ತದಾ?" ಎಂದು ರೇಗಿ, ಆ ದಿನದ ಹಿಟ್ಟನ್ನು ಎಷ್ಟು ಜೋರಾಗಿ ತೊಳಸಿದರೆಂದರೆ ಒಂದು ಗಂಟೂ ಉಳಿಯಲಿಲ್ಲ. ಗಿರಾಕಿಗಳು ಅಂದಿನ ಮುದ್ದೆಯನ್ನು ಬಹಳ ಹೊಗಳಿದರು.

ದಿನಗಳು ಹೋದಂತೆ ಅಪ್ಪ ಇನ್ನಷ್ಟು ಬಿಗಿಯಾದರು. ಅತ್ತೆಯ ಹೆಸರೆತ್ತಿದರೆ ಎದ್ದುಹೋಗುತ್ತಿದ್ದರು. ನೋಡುವವರು ಯಾಕೆ ನೋಡಬೇಕು, ನೋಡಿ ಯಾಕೆ ಮುನಿಯಬೇಕು? ನನಗೆ ತಲೆಬುಡ ತಿಳಿಯಲಿಲ್ಲ. ಒಂದು ಭಾನುವಾರ ತಡೆಯಲಾರದೆ ಕೇಳಿಯೇಬಿಟ್ಟೆ. ಅಪ್ಪ ಸಿಡಿದರು.

"ನಿಮ್ಮತ್ತೆ ಊರಿಗೆಲ್ಲ ಬಗೆಬಗೆಯಾಗಿ ಬಡಿಸಿದ್ದಾಳೆ. ನನಗೆ ಮಾತ್ರ ಖಾಲಿ ಡಬ್ಬ ಇಟ್ಟಿದ್ದಾಳೆ. ಮೊದಲನೇ ಸಾಲಲ್ಲೇ, ಎದ್ದು ಕಾಣೋ ಹಂಗೆ! ನಾಮಕರಣದಲ್ಲಿ ನಾನು ಅಂದಿದ್ದಕ್ಕೆ ಉತ್ತರ ಇದು. ನನಗೆ ಅರ್ಥ ಆಗಲ್ವಾ?"

ಫೋನು ಇಸಿದುಕೊಂಡು ನೋಡಿದೆ. ಬಟ್ಟಲಿತ್ತು, ಲೋಟವಿತ್ತು, ಕೋತಿಯಿತ್ತು, ಆನೆಯಿತ್ತು. ಎಲ್ಲಕ್ಕೂ ಮೊದಲು, ಕಂದು ವೃತ್ತ ಇರಬೇಕಾದ ಜಾಗದಲ್ಲಿ ಒಂದು ಖಾಲಿ ಚೌಕ. ಮೊದಲು ನಗು ಬಂತು. ಅಪ್ಪನ ಮುಖ ನೋಡಿದ ಮೇಲೆ ನಗು ನಿಂತುಹೋಯಿತು. ಈ ಮನುಷ್ಯ ದಿನವೂ ಬೆಳಿಗ್ಗೆ ಆ ಖಾಲಿ ಡಬ್ಬವನ್ನು ತೆರೆದು, ಇವತ್ತಾದರೂ ಅಕ್ಕ ಅದರಲ್ಲಿ ಏನಾದರೂ ಹಾಕಿದ್ದಾಳೆಯೇ ಎಂದು ನೋಡುತ್ತಿದ್ದರು!

ಅದು ನನ್ನ ತಪ್ಪು ಎಂದು ಅಪ್ಪನಿಗೆ ಹೇಳುವ ಧೈರ್ಯ ಬರಲಿಲ್ಲ. ನೇರ ರಾಮಕೃಷ್ಣನಗರಕ್ಕೆ ಓಡಿದೆ. ವಿಷಯ ಕೇಳಿ ಅತ್ತೆ ಅಡುಗೆಮನೆಯ ಮಣೆಯ ಮೇಲೆ ಕುಕ್ಕರಿಸಿದರು.

"ಖಾಲಿ ಡಬ್ಬ ಅಂದ್ಕೊಂಡ್ನಾ? ನಾನು ಅವನಿಗೆ ಖಾಲಿ ಡಬ್ಬ ಇಡ್ತೀನಾ? ಅವನ ತಲೇಲಿ ಇರೋದು ಗಣಿತನೋ, ಗೊಬ್ಬರನೋ?"

"ಫೋನ್ ಮಾಡಿ ಹೇಳಿಬಿಡಿ ಅತ್ತೆ."

"ಅವನಾಗೇ ಕೇಳೋಗಂಟ ಇಲ್ಲ ಅಂದಿದ್ದೀನಿ. ಮಾತು ಮಾತೇ." ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು ಒಲೆ ಆರಿಸಿದರು. ಆಮೇಲೆ, ನಾನು ಕನಸಿನಲ್ಲಿಯೂ ನಿರೀಕ್ಷಿಸಿರದ ಮಾತೊಂದು ಅವರ ಬಾಯಿಂದ ಬಂತು. "ನೀನು ಬರಿಯೇ ಮುದ್ದೇನ. ನಿನ್ನ ಗೆರೆಚಿತ್ರದಲ್ಲೇ ಬರಿ. ಅವನ ಫೋನಲ್ಲಿ ಕಾಣಬೇಕು, ಅಷ್ಟೇ."

ಗೆದ್ದೆನೆಂದು ಬೀಗುವ ಹಾಗೇನೂ ಇರಲಿಲ್ಲ. ನಮ್ಮ ಮೇಲಧಿಕಾರಿಯಾದರೂ ಎರಡು ಸಲ ತಿದ್ದಿಸಿ ಬಿಡುತ್ತಾರೆ. ಅತ್ತೆ ಹನ್ನೊಂದು ಸಲ ತಿದ್ದಿಸಿದರು. ಮೊದಲನೆಯದು ಕ್ರಿಕೆಟ್ ಚೆಂಡಾಯಿತು. ಎರಡನೆಯದು ಶಾಲಿಗ್ರಾಮ. "ಮುದ್ದೆ ಕೆಳಗೆ ಸ್ವಲ್ಪ ಕೂತಿರ್ತದೆ ಕಣೇ, ನೀನು ಬರೆದಿರೋದು ಉರುಳಿ ಹೋಯ್ತದೆ." ಕೂರಿಸಿದೆ. "ಹಬೆ ಎಲ್ಲಿ?" ಹಬೆ ಎಳೆದೆ. ಎಲ್ಲ ಮುಗಿಯಿತು ಎನ್ನುವಾಗ ಪರದೆಯ ಮೇಲೆ ಬೆರಳಿಟ್ಟು, "ಮೇಲೆ ಇಲ್ಲೊಂದು ಗುಳಿ ಹಾಕು" ಎಂದರು.

"ಮುದ್ದೆಗೆ ಗುಳಿ ಯಾಕತ್ತೆ? ಗಿರಾಕಿಗಳಿಗೆ ಕೊಡೋದಕ್ಕೆ ಇರೋದಿಲ್ಲವಲ್ಲ?"

"ಹಾಕು ಅಂದ್ರೆ ಹಾಕು."

ಹಾಕಿದೆ. ಮಾರನೆಯ ಬೆಳಿಗ್ಗೆ ಕಾಫಿ ಲೋಟದ ಮರೆಯಲ್ಲಿ ಅಪ್ಪನನ್ನೇ ಗಮನಿಸುತ್ತಾ ಕೂತೆ. ಅಪ್ಪ ಎಂದಿನಂತೆ ಆ್ಯಪ್ ತೆರೆದರು. ಎಂದಿನಂತೆ ಮುಚ್ಚಲಿಲ್ಲ. ಕನ್ನಡಕ ಹಣೆಗೇರಿಸಿ, ಒಡೆದ ಗಾಜನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಇದನ್ನ ಬರೆದಿದ್ದು ನೀನಾ?"

"ಹೂಂ."

"ಗುಳಿ ಹಾಕು ಅಂತ ಯಾರು ಹೇಳಿದ್ದು?"

"ಅತ್ತೆ."

ಅಪ್ಪ ಕಿಟಕಿಯ ಕಡೆ ತಿರುಗಿದರು. ಊರಿನಿಂದ ಓದಲು ಬಂದಾಗ ಅಕ್ಕ ತಮ್ಮ ಇದೇ ಲಕ್ಷ್ಮೀಪುರಂನಲ್ಲಿ ಒಂದು ಕೋಣೆ ಮಾಡಿಕೊಂಡಿದ್ದರಂತೆ. "ತುಪ್ಪ ಒಬ್ಬರಿಗೆ ಆಗೋವಷ್ಟೇ ಇರ್ತಿತ್ತು. ಬಿಸಿ ಮುದ್ದೆ ಮೇಲೆ ಹೆಬ್ಬೆಟ್ಟಲ್ಲಿ ಗುಳಿ ಒತ್ತಿ ನನಗೆ ಹಾಕೋಳು. ಅವಳ ಮುದ್ದೆಗೆ ಗುಳಿನೇ ಇರ್ತಿರಲಿಲ್ಲ. 'ನಿಂಗೆ?' ಅಂತ ಕೇಳಿದ್ರೆ, 'ನಂಗೆ ತುಪ್ಪ ಸೇರಲ್ಲ ಕಣೋ, ವಾಕರಿಕೆ ಬರುತ್ತೆ' ಅಂತ ಮುಖ ಹಿಂಡೋಳು. ನಾನು ನಂಬಿದ್ದೆ. ಕೆಲಸ ಸಿಕ್ಕಿದ ಮೇಲೆ ಅವಳು ದೋಸೆಗೆ ತುಪ್ಪ ಸುರಿದುಕೊಳ್ಳೋದು ನೋಡಿದಾಗಲೇ ನಂಗೆ ಗೊತ್ತಾಗಿದ್ದು."

ಮುಖದಲ್ಲಿ ಸುಳ್ಳು ಬರೆಯಲಾಗದು ಎನ್ನುವ ನಮ್ಮತ್ತೆ!

ಅಪ್ಪ ಮುದ್ದೆಯನ್ನು ಒತ್ತಿದರು. ಬಟ್ಟಲು ಒತ್ತಿದರು. ಹೂವು ಒತ್ತಿದರು. ಆಮೇಲೆ ಶಾಲೆಗೆ ಫೋನು ಮಾಡಿ ಅರ್ಧ ದಿನ ರಜೆ ಹಾಕಿದರು.

ಅತ್ತೆ ಆ ದಿನ ಉಳಿದ ಮನೆಗಳನ್ನೆಲ್ಲ ಮುಗಿಸಿ ಕೊನೆಯಲ್ಲಿ ನಮ್ಮ ಮನೆಗೆ ಬಂದರು. ಗೇಟಿನ ಹೊರಗೇ ನಿಂತು ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಒಳಗೆ ಬನ್ನಿ ಎಂದರೆ, "ಸ್ಕೂಟರು ಯಾಕೋ ಸ್ಟಾರ್ಟ್ ಆಗ್ತಿಲ್ಲ, ನೋಡ್ಕೋತೀನಿ" ಎಂದರು. ಈಗಷ್ಟೇ ಓಡಿಸಿಕೊಂಡು ಬಂದ ಸ್ಕೂಟರು! ಡಬ್ಬಿಯನ್ನು ಅಪ್ಪನ ಮುಂದಿಟ್ಟು ನಾನು ಗೇಟಿಗೆ ಹಿಂತಿರುಗಿದೆ. ಅತ್ತೆ ಕೀಲಿಯನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಕನ್ನಡಿ ಒರೆಸಿದರು. ಕಾಲು ಗಂಟೆಯಾಯಿತು. ಆಗ ಅವರ ಫೋನು ಕಿಣಿ ಎಂದಿತು. ಮೂರು ವರ್ಷದ ಮೇಲೆ ತಮ್ಮನಿಂದ ಬಂದ ಮೊದಲ ಮಾತು. ಅಕ್ಷರವಿಲ್ಲ. ಒಂದು ಹೆಬ್ಬೆರಳು.

"ನೋಡೇ! ಹೆಬ್ಬೆಟ್ಟು ಒತ್ತವ್ನೆ! ಬಿ.ಎಸ್ಸಿ., ಬಿ.ಎಡ್. ಮಾಡ್ಸಿದ್ದು ಇದಕ್ಕೇನಾ..." ಎಂದು ಬೈಯುತ್ತಲೇ ಫೋನಿನ ಪರದೆಯನ್ನು ಸೆರಗಿನಿಂದ ಒರೆಸಿದರು.

"ಅಳಿಸಲಾ ಅತ್ತೆ?"

"ಮುಟ್ಬೇಡ."

ಬಾಗಿಲ ಬಳಿ ಅಪ್ಪ ನಿಂತಿದ್ದರು. ಕೈಯಲ್ಲಿ ತೊಳೆದ ಡಬ್ಬಿ. ಗೇಟಿನವರೆಗೆ ಬಂದು ಅದನ್ನು ಅತ್ತೆಯ ಕಡೆ ಚಾಚಿದರು. ಅತ್ತೆ ಇಸಿದುಕೊಂಡು ಅಲುಗಾಡಿಸಿದರು. ಒಳಗೆ ಏನೋ ಸದ್ದಾಯಿತು. ಮುಚ್ಚಳ ತೆಗೆದು ನೋಡಿದರೆ ಎರಡು ಅಚ್ಚು ಬೆಲ್ಲ.

"ತವರುಮನೆಯಿಂದ ಖಾಲಿ ಡಬ್ಬಿ ಕಳಿಸಬಾರದು ಅಕ್ಕ," ಎಂದರು ಅಪ್ಪ. "ನಾನೇನು ನಿನ್ನ ಆ್ಯಪಾ?"

ಅತ್ತೆ ಒಂದು ಅಚ್ಚನ್ನು ಅಲ್ಲೇ ಕಚ್ಚಿ, ಉಳಿದರ್ಧವನ್ನು ತಮ್ಮನ ಬಾಯಿಗಿಟ್ಟರು. ಆಮೇಲೆ ಸ್ಕೂಟರಿಗೆ ಸ್ಟ್ಯಾಂಡು ಹಾಕಿ, ಗೇಟು ತೆಗೆದುಕೊಂಡು ಒಳಗೆ ಬಂದರು.